‘ಗೊತ್ತಿಲ್ಲ’ ಎಂದು ಹೇಳಿಸಿದವರು

ಯಂತ್ರನಿಯಂತ್ರಣದ ಕ್ಷೇತ್ರದಲ್ಲಿ ಹೆಸರು ಮಾಡಿದವರು ಅನೇಕರಿದ್ದಾರೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಯಂತ್ರದ ಬಾಯಿಂದಲೇ ಹೇಳಿಸಿದವರು, ನಾನು ಕಂಡಂತೆ, ಇಂದು ನಿವೃತ್ತರಾಗುತ್ತಿರುವ ನಮ್ಮ ಪೂಜ್ಯ ಮೇಡಂ ಒಬ್ಬರೇ. ಬೆನ್ನ ಹಿಂದೆ ಅವರನ್ನು ‘ಎರಡು ಸಾಕ್ಷಿ’ ಎಂದು ಆಡಿಕೊಂಡವರಲ್ಲಿ ಕೆಲವರು ಈ ಅಭಿನಂದನ ಸಂಪುಟಕ್ಕೂ ಬರೆದಿದ್ದಾರೆ. ಸಂತೋಷ.

ನಾನು ಕಾರ್ಖಾನೆಗೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರು ನನ್ನನ್ನು ತೊಟ್ಟಿಗೆ ಕುದಿಯುವ ಕ್ಷಾರ ಬಿಡುವ ಒಂದು ವಾಲ್ವಿನ ಮುಂದೆ ನಿಲ್ಲಿಸಿ, ಅದಕ್ಕಂಟಿದ ಎರಡು ಸ್ವಿಚ್ಚುಗಳನ್ನು ತೋರಿಸಿದರು. ಪೂರ್ತಿ ತೆರೆದಾಗ ಒಂದು, ಪೂರ್ತಿ ಮುಚ್ಚಿದಾಗ ಇನ್ನೊಂದು ಸುದ್ದಿ ಕಳಿಸುತ್ತದೆ. “ಎರಡೂ ಸುಮ್ನಿದ್ರೆ ಮುಚ್ಚಿದೆ ಅನ್ಬೇಡಪ್ಪ. ಅರ್ಧ ದಾರೀಲಿ ಸಿಕ್ಕೊಂಡಿರ್ಬಹುದು, ತಂತಿ ಕಿತ್ತಿರ್ಬಹುದು. ನಮಗೆ ಗೊತ್ತಿಲ್ಲ, ಅಷ್ಟೆ,” ಎಂದರು. ನನ್ನ ಹೆಂಡತಿಯ ಹೆರಿಗೆಯ ದಿನಗಳಲ್ಲಿ ನನ್ನ ಪಾಳಿಯನ್ನೂ ತಾವೇ ಹೊತ್ತ ಆ ತಾಯಿಯ ಋಣವನ್ನು ಹೇಗೆ ತೀರಿಸಲಿ?

ಆದರೆ ‘ಮುಚ್ಚಿದೆ’ ಎನ್ನುವ ಸ್ವಿಚ್ಚುಗಳು ಪದೇ ಪದೇ ಕೆಟ್ಟು ಗಂಟೆ ಬಾರಿಸುತ್ತಿದ್ದವು. ಗಲಾಟೆಗೆ ಬೇಸತ್ತ ಮೇಲಿನವರು, ಮೇಡಂ ಬೇಡವೆಂದರೂ ಕೇಳದೆ, ಅವನ್ನು ಲೆಕ್ಕದಿಂದಲೇ ತೆಗೆಸಿದರು. ತೆರೆದಿಲ್ಲವೆಂದರೆ ಮುಚ್ಚಿದೆ ಎಂದೇ ಅರ್ಥ! ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗೆ.

ಒಂದು ಬೆಳಿಗ್ಗೆ ನಿಯಂತ್ರಣ ಕೊಠಡಿಯ ಪರದೆಯ ಮೇಲೆ ‘ಮುಚ್ಚಿದೆ’ ಎಂದಿದ್ದುದನ್ನು ನಂಬಿ, ತೊಟ್ಟಿ ತೊಳೆಯಲು ನಮ್ಮ ಫಿಟ್ಟರಣ್ಣನನ್ನು ಒಳಗೆ ಇಳಿಸಿದರು. ವಾಲ್ವು ಅರ್ಧಕ್ಕೆ ನಿಂತಿತ್ತು. ಕುದಿಯುವ ಕ್ಷಾರ ನುಗ್ಗಿತು. ಅವರು ಬದುಕಲಿಲ್ಲ.

ವಿಚಾರಣೆಯ ವರದಿ ‘ಮೃತರ ಅಜಾಗರೂಕತೆ’ ಎಂದಿತು. ಸತ್ತವರು ಬಂದು ಸಾಕ್ಷಿ ಹೇಳುವರೇ? ಮೇಡಂ ಸಮಿತಿಯವರನ್ನೆಲ್ಲ ಕರೆದೊಯ್ದು, ಅದೇ ವಾಲ್ವನ್ನು ಕೈಯಿಂದ ಅರ್ಧಕ್ಕೆ ತಿರುಗಿಸಿ ಪರದೆ ತೋರಿಸಿದರು. ‘ಮುಚ್ಚಿದೆ’ ಎಂದೇ ಇತ್ತು. ಆದರೂ ವರದಿ ಬದಲಾಗಲಿಲ್ಲ. ಮೇಡಂ ಉಗ್ರಾಣಕ್ಕೆ ವರ್ಗವಾದರು.

ಹಲವು ವರ್ಷ ಕಳೆದು ಹಿಂದಿರುಗಿದ ಮೇಲೆ ಅವರು ಪ್ರತಿ ವಾಲ್ವಿಗೂ ಎರಡು ಸ್ವಿಚ್ಚುಗಳನ್ನು ಮರಳಿ ಜೋಡಿಸಿದರು. ಎರಡೂ ಸುಮ್ಮನಿದ್ದಾಗ ಪರದೆಯಲ್ಲಿ ‘ಗೊತ್ತಿಲ್ಲ’ ಎಂದು ಬರುವಂತೆ ಮಾಡಿ, ಆಗ ಯಾರನ್ನೂ ಒಳಗಿಳಿಸಕೂಡದೆಂದರು. “ಗೊತ್ತಿಲ್ಲ ಅನ್ನೋಕೂ ಇಂಜಿನಿಯರ್ ಬೇಕಾ?” ಎಂದು ನಕ್ಕವರುಂಟು. ಆಮೇಲೆ ತೊಟ್ಟಿಗಿಳಿದವರೆಲ್ಲ ಮೆಟ್ಟಿಲು ಹತ್ತಿ ಮೇಲೆ ಬಂದಿದ್ದಾರೆ.

ಈ ಸಂಪುಟ ಬೇಡವೇ ಬೇಡವೆಂದಿದ್ದ ಮೇಡಂ ಕೊನೆಗೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಇದರಲ್ಲಿ ಒಂದು ಸಾಲು ಅಚ್ಚಾಗಬೇಕು. ವಿಚಾರಣೆಯ ವರದಿ ಬಂದ ಮೇಲೆ ಫಿಟ್ಟರಣ್ಣನ ಹೆಂಡತಿ ಮೇಡಂ ಕೈ ಹಿಡಿದು ಅತ್ತಿದ್ದರು: “ನಿಮ್ಮಪ್ಪ ತನ್ನ ತಪ್ಪಿಂದಾನೇ ಸತ್ತ ಅಂತ ಶಾಲೇಲಿ ಮಗಳಿಗೆ ಹೇಳ್ತಾರೆ ಮೇಡಂ. ಅದು ಸುಳ್ಳು ಅಂತ ಎಲ್ಲಾದ್ರೂ ಒಂದ್ ಕಡೆ ಅಚ್ಚಾಗ್ಲಿ.” ಆಕೆ ಹೋದ ವರ್ಷ ತೀರಿಕೊಂಡರು. ಓದಲು ಮಗಳಿದ್ದಾಳೆ.

ಮೇಡಂ ನೂರ್ಕಾಲ ಬಾಳಲಿ, ಅವರ ಅನುಮಾನ ಇನ್ನಷ್ಟು ಜೀವಗಳನ್ನು ಕಾಯಲಿ. ಸಂಪುಟದ ಮೊದಲ ಪ್ರತಿಯನ್ನು ಅವರು ನಾಳೆ ಆ ಮಗಳ ಮನೆಗೆ ಒಯ್ಯುತ್ತಾರೆ. ಅವರು ಕೇಳಿದ ಸಾಲು ಇದು: ವಾಲ್ವು ಮುಚ್ಚಿರಲಿಲ್ಲ, ನಿಮ್ಮ ತಂದೆಯ ತಪ್ಪು ಏನೂ ಇರಲಿಲ್ಲ.