ಹಾಸಿಗೆಯ ಬಳಿ ಬಂದು ಆರಿಸಬೇಕಾದ ದೀಪ

ವೃದ್ಧಾಶ್ರಮದ ಈ ಮಹಡಿಯಲ್ಲಿ, ಎದುರು ಕೋಣೆಯ ಬಾಗಿಲ ಮೇಲೆ ಪುಟ್ಟ ಕೆಂಪು ದೀಪವೊಂದಿದೆ. ಡ್ರೈವರ್ ತಾತನಿಗೆ ಮಲಗಿದಲ್ಲಿಂದ ಸ್ಪಷ್ಟವಾಗಿ ಕಾಣುವುದು ಅದೊಂದೇ. ಸೊಂಟದ ಕೆಳಗೆ ಸ್ವಾಧೀನ ತಪ್ಪಿದ ಮೇಲೆ ಅವನ ಲೋಕವೆಲ್ಲ ಕಾಲಿನ ದಿಕ್ಕಿನ ತೆರೆದ ಬಾಗಿಲಿನಷ್ಟಕ್ಕೆ ಬಂದು ನಿಂತಿತ್ತು. ಬಸ್ಸಿನ ಮುಂಗಾಜಿನಾಚೆಗೆ ನೋಡುತ್ತಲೇ ಆಯಸ್ಸು ಸವೆಸಿದವನು. ಈಗಲೂ ಹಾಗೆಯೇ ನೋಡುತ್ತಾನೆ. ದಾರಿ ಮಾತ್ರ ಸರಿಯುವುದಿಲ್ಲ.

ಆ ಕೋಣೆಗೆ ಎಕ್ಸ್‌ಚೇಂಜಮ್ಮ ಬಂದದ್ದು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ. ಕರೆತಂದವಳು ಅಕ್ಕನ ಮಗಳು. ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಪಾಳಿ ಕೆಲಸ, ಎರಡು ಮಕ್ಕಳು, ಒಂದೇ ಕೋಣೆಯ ಮನೆ. ಚಿಕ್ಕಮ್ಮನ ಸೀರೆಗಳನ್ನು ಕಪಾಟಿನಲ್ಲಿ ಜೋಡಿಸುವಾಗ ಅವಳು ಒಮ್ಮೆಯೂ ತಲೆ ಎತ್ತಲಿಲ್ಲ. "ಅಳೋದಿದ್ರೆ ಬಾಗಿಲು ಹಾಕ್ಕೊಂಡು ಅಳೇ, ಎದುರುಮನೆಯವರು ನೋಡ್ತಿದ್ದಾರೆ" ಎಂದು ಎಕ್ಸ್‌ಚೇಂಜಮ್ಮ ಹೇಳಿದ್ದು ತಾತನಿಗೆ ಕೇಳಿಸಿತು. ಎದುರುಮನೆಯವರು ಎಂದರೆ ತಾನೇ ಎಂದು ಹೊಳೆದು, ಎಷ್ಟೋ ದಿನಗಳ ಮೇಲೆ ಅವನಿಗೆ ನಗು ಬಂತು.

ಆಮೇಲೆ ಮಧ್ಯಾಹ್ನಗಳು ಬದಲಾದವು. ಊಟವಾದ ಮೇಲೆ ವಾಕರ್ ಊರಿಕೊಂಡು ಅವರು ತಾತನ ಬಾಗಿಲಿಗೆ ಬರುತ್ತಿದ್ದರು, ಹೊಸ್ತಿಲ ಹೊರಗೇ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು. ಹಳೆಯ ಕಾಲದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಮದುವೆ ಯಾಕಾಗಲಿಲ್ಲ ಎಂದು ತಾತ ಕೇಳಿದರೆ, "ಲೈನ್ ಎಂಗೇಜ್ ಇತ್ತು" ಎಂದರು. ದನಿ ಒಡೆದಿದ್ದರೂ ಮಾತಿನ ಠೀವಿ ಹೋಗಿರಲಿಲ್ಲ. ನೀರು ಕೇಳಿದರೂ ದೂರದೂರಿಗೆ ಕರೆ ಜೋಡಿಸುತ್ತಿರುವಂತೆ ಇರುತ್ತಿತ್ತು.

"ನಮ್ಮ ಬೋರ್ಡಿನ ತುಂಬ ಇಂಥವೇ ದೀಪ" ಎಂದು ಅವರು ಬಾಗಿಲ ಮೇಲಿನದನ್ನು ತೋರಿಸಿದರು. "ಒಂದು ಹತ್ತಿತು ಅಂದ್ರೆ, ಎಲ್ಲೋ ಒಬ್ಬರು ಕಿವಿಗೆ ಫೋನಿಟ್ಕೊಂಡು ನಮಗಾಗಿ ಕಾಯ್ತಿದ್ದಾರೆ ಅಂತ. ಇಬ್ಬರನ್ನ ಜೋಡಿಸಿದ ವೈರು ಕೀಳೋಕೆ ಮುಂಚೆ ಕೇಳಲೇಬೇಕು, ಮಾತಾಯ್ತಾ ಅಂತ. ಆಯ್ತು ಅಂದ ಮೇಲೇ ಕೀಳೋದು."

"ಕೇಳದೆ ಕಿತ್ರೆ?"

"ನನ್ನ ಪಕ್ಕದವಳು ಒಂದ್ಸಲ ಕಿತ್ತಳು. ಆ ಕಡೆಯವನು ಡಾಕ್ಟರಿಗೆ ಮನೆ ಗುರುತು ಹೇಳ್ತಿದ್ದ."

 

ಕಾರಿಡಾರಿನ ತಿರುವಿನಲ್ಲಿ ಊಟದ ಗಾಡಿಗಳು ಡಿಕ್ಕಿಯಾಗದಿರಲೆಂದು ಒಂದು ಉಬ್ಬುಗನ್ನಡಿ ಹಾಕಿದ್ದರು. ಎಕ್ಸ್‌ಚೇಂಜಮ್ಮ ಕೂರುವ ಜಾಗದಿಂದ ಅದರಲ್ಲಿ ತಿರುವಿನಾಚೆಯ ಮೇಜು ಕಾಣುತ್ತಿತ್ತು. ಆಯಾಗಳು ಕೂರುವ ಮೇಜು ಅದು. ಅಲ್ಲಿನ ಹಲಗೆಯ ಮೇಲೂ ಪ್ರತಿ ಕೋಣೆಗೊಂದು ದೀಪ, ಪ್ರತಿ ದೀಪಕ್ಕೆ ಆರಿಸುವ ಗುಂಡಿಯೊಂದು.

ಒಂದು ಮಧ್ಯಾಹ್ನ ತಾತನಿಗೆ ಮಗ್ಗುಲು ಬದಲಿಸಬೇಕಿತ್ತು. ಆಯಾಳನ್ನು ಕರೆಯುವ ಗಂಟೆ ಒತ್ತಿದ. ಅವನ ಬಾಗಿಲ ಮೇಲಿನ ದೀಪ ಹತ್ತಿತು, ಆರಿತು; ಎದುರು ಕೋಣೆಯ ಕಿಟಕಿಗಾಜಿನಲ್ಲಿ ಅದರ ಕೆಂಪು ಕಂಡು ಮರೆಯಾಯಿತು. ಯಾರೂ ಬರಲಿಲ್ಲ. ಮತ್ತೆ ಒತ್ತಿದ. ಹತ್ತಿತು, ಆರಿತು. "ವೈರಿಂಗ್ ಕೆಟ್ಟಿದೆ, ಪಾಪ" ಎಂದ ತಾತ, ವೈರಿಂಗಿನ ಮೇಲೇ ಕನಿಕರಪಟ್ಟು.

ಎಕ್ಸ್‌ಚೇಂಜಮ್ಮನ ಕಣ್ಣು ಕನ್ನಡಿಯ ಮೇಲಿತ್ತು. "ವೈರಿಂಗಲ್ಲ ಡ್ರೈವರ್ ಸಾಹೇಬ್ರೆ. ಕೈ. ಕೂತಲ್ಲಿಂದಲೇ ಆರಿಸ್ತಿದ್ದಾಳೆ."

ಆರಿಸಿದವಳು ಆಯಾ. ಓಡಾಟದ ರಭಸಕ್ಕೆ ಅವಳನ್ನು ಎಲ್ಲರೂ ಬಿರುಗಾಳಿ ಎಂದೇ ಕರೆಯುತ್ತಿದ್ದರು. ಕೆಟ್ಟವಳಲ್ಲ. ಸಂಜೆ ತಾತನನ್ನು ಮಗ್ಗುಲಾಗಿಸಲು ಬಂದಾಗ ಎಕ್ಸ್‌ಚೇಂಜಮ್ಮ ನೇರವಾಗಿ ಕೇಳಿದರು. ಅವಳು ಸುಳ್ಳು ಹೇಳಲಿಲ್ಲ.

"ಇಡೀ ಮಹಡಿಗೆ ನಾನೊಬ್ಬಳೇ ಅಮ್ಮ. ದೀಪ ಜಾಸ್ತಿ ಹೊತ್ತು ಉರಿದ್ರೆ ಮೇಲಿನ ಆಫೀಸಿಗೆ ಗೊತ್ತಾಗತ್ತೆ, ಬೈಗುಳ ನಮಗೆ. ಮೊದಲು ಆರಿಸು, ಆಮೇಲೆ ಹೋಗು ಅಂತಾರೆ ಮೇಡಂ. ಆಮೇಲೆ ಅಂದ್ರೆ... ಅಷ್ಟರಲ್ಲಿ ಇನ್ನೊಂದು ಹತ್ತಿರತ್ತೆ."

ದೀಪ ಎಷ್ಟು ಹೊತ್ತು ಉರಿಯಿತು ಎಂಬುದನ್ನು ಯಂತ್ರ ಲೆಕ್ಕ ಇಡುತ್ತಿತ್ತು. ಯಾರಾದರೂ ಬಂದರೇ ಎಂಬುದನ್ನು ಇಡುತ್ತಿರಲಿಲ್ಲ. ಬೇಗ ಆರುವ ದೀಪಗಳ ಈ ಮನೆಗೆ ಒಳ್ಳೆಯ ಹೆಸರಿತ್ತು. ಅಕ್ಕನ ಮಗಳು ಆ ಹೆಸರು ಕೇಳಿಯೇ ಚಿಕ್ಕಮ್ಮನನ್ನು ಇಲ್ಲಿಗೆ ತಂದದ್ದು.

ಎಕ್ಸ್‌ಚೇಂಜಮ್ಮ ಕೇಳಿದ್ದು ಒಂದೇ ಒಂದು. ದೀಪ ಆರಿಸುವ ಗುಂಡಿ ಮೇಜಿನ ಮೇಲೆ ಬೇಡ, ಹಾಸಿಗೆಯ ಪಕ್ಕದಲ್ಲಿರಲಿ. ಆರಿಸಬೇಕಾದವರು ಅಲ್ಲಿಯವರೆಗೆ ನಡೆದು ಬರಲಿ, ಮಲಗಿದವರ ಮುಖ ನೋಡಲಿ. ಹಾಗಾದರೆ ಜನ ಸಾಲದು ಎಂಬುದು ಮೇಲಿನ ಆಫೀಸಿಗೂ ತಾನಾಗಿ ಗೊತ್ತಾಗುತ್ತದೆ, ಬಿರುಗಾಳಿಗೂ ಜೊತೆ ಸಿಗುತ್ತದೆ. ಇದನ್ನು ಅವರು ನಿವಾಸಿಗಳ ಸಭೆಯಲ್ಲಿ ಎದ್ದು ನಿಂತು ಹೇಳಿದರು.

ಮೇಡಂ ಎಂದರೆ ಮೇಲ್ವಿಚಾರಕಿ. ದನಿ ಎತ್ತಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. "ಒಳ್ಳೇ ಸಲಹೆ ಅಮ್ಮ" ಎಂದಳು, ಹೆಗಲ ಮೇಲೆ ಕೈಯಿಟ್ಟಳು. ಆ ಭಾನುವಾರ ಅಕ್ಕನ ಮಗಳು ಬಂದಾಗ ಅವಳನ್ನು ಬಾಗಿಲಲ್ಲೇ ತಡೆದು ತನ್ನ ಕೋಣೆಯಲ್ಲಿ ಕೂರಿಸಿಕೊಂಡಳು.

ಅಲ್ಲಿಂದ ಚಿಕ್ಕಮ್ಮನ ಕೋಣೆಗೆ ಬಂದ ಅವಳು ಕೈಚೀಲವನ್ನೂ ಕೆಳಗಿಡಲಿಲ್ಲ. "ಚಿಕ್ಕಮ್ಮ, ನಿಮಗಿಲ್ಲಿ ಹೊಂದಿಕೆ ಆಗ್ತಿಲ್ವಂತೆ. ಬೇರೆ ಕಡೆ ನೋಡ್ಕೊಂಡ್ರೆ ಒಳ್ಳೇದು ಅಂತ ಎಷ್ಟು ಪ್ರೀತಿಯಿಂದ ಹೇಳಿದ್ರು ಗೊತ್ತಾ? ಬೇರೆ ಎಲ್ಲಿದೆ ಚಿಕ್ಕಮ್ಮ? ನಾಲ್ಕು ಕಡೆ ಅಲೆದಿದ್ದೀನಿ."

"ನಾನೇನು ಕಿರುಚಾಡಿದ್ನಾ?"

"ಕಿರುಚಾಡಿದ್ರೆ ವಾಸಿಯಿತ್ತು. ವಯಸ್ಸಾಗಿದೆ ಅಂದ್ಕೊಂಡು ಬಿಡ್ತಿದ್ರು."

ಎದುರು ಕೋಣೆಯಲ್ಲಿ ತಾತ ನಿದ್ದೆ ಬಂದವನಂತೆ ಕಣ್ಣು ಮುಚ್ಚಿಕೊಂಡ.

ಎಕ್ಸ್‌ಚೇಂಜಮ್ಮ ಇಂಥ ಮನೆಗಳನ್ನು ತಪಾಸಣೆ ಮಾಡುವ ಕಚೇರಿಗೆ ಫೋನು ಹಚ್ಚಿದರು. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ದಾಟಿಸಿದರು. ಕಾಯುವಾಗಿನ ಸಂಗೀತ ಕೇಳುತ್ತ ಕೂತ ಅವರನ್ನು ತಾತ ಕೆಣಕಿದ: "ಜನ್ಮವೆಲ್ಲ ಬೇರೆಯವರನ್ನ ಕಾಯಿಸಿದ್ದಕ್ಕೆ ಈಗ ತೀರಿಸ್ತಿದ್ದೀರಿ." "ನಾನು ಕಾಯಿಸ್ತಿದ್ದೆ, ಕೈಬಿಡ್ತಿರಲಿಲ್ಲ" ಎಂದರು ಅವರು. ಕೊನೆಗೂ ಒಬ್ಬ ಅಧಿಕಾರಿ ಸಿಕ್ಕಳು. ಬರುತ್ತೇನೆ ಎಂದಳು.

"ನೀವೂ ಹೇಳಬೇಕು, ಸಾಹೇಬ್ರೆ. ನಾನೊಬ್ಬಳೇ ಹೇಳಿದ್ರೆ ಮುದುಕಿಯ ಹಠ. ಇಬ್ಬರು ಹೇಳಿದ್ರೆ ವಿಷಯ."

"ಹೇಳ್ತೀನಿ ಬಿಡಿ. ನನಗೇನು ಭಯ?"

ಅಧಿಕಾರಿ ಬರುವ ಸುದ್ದಿ ಮನೆಗೆ ಮೊದಲೇ ಹೇಗೆ ತಿಳಿಯಿತೋ. ಹಿಂದಿನ ದಿನ ನೆಲಕ್ಕೆ ನಿಂಬೆಯ ವಾಸನೆಯ ಔಷಧಿ ಬಿತ್ತು. ಬೇರೆ ಶಾಖೆಯಿಂದ ಹೊಸ ಮುಖದ ಆಯಾಗಳು ಬಂದರು. ಮೇಡಂ ತಾನೇ ಬಾಚಣಿಗೆ ಹಿಡಿದು ತಾತನ ತಲೆ ಬಾಚಿದಳು. ಎಷ್ಟು ಮೆತ್ತಗೆ ಬಾಚಿದಳೆಂದರೆ ತಾತ ತಲೆ ಅಲುಗಿಸದೆ ಕಲ್ಲಿನಂತೆ ಮಲಗಿದ.

"ತಾತ, ಮನೆಗೆ ನೆಂಟರು ಬಂದಾಗ ಒಳಗಿನ ಮಾತು ಅವರ ಮುಂದೆ ಹಾಕ್ತೀವಾ? ನಮ್ಮದೂ ಒಂದು ಮನೆ ತಾನೆ?"

ತಾತ ದೊಡ್ಡ ಕುಟುಂಬದಲ್ಲಿ ಬೆಳೆದವನು. ಒಲೆ ಹತ್ತದ ದಿನವೂ ಬಂದವರ ಮುಂದೆ ಊಟವಾಯಿತೆಂದು ಬಾಯಿ ಒರೆಸಿಕೊಳ್ಳುತ್ತಿದ್ದ ತಾಯಿಯ ಮಗ. ಅಂಥವರಿಂದಲೇ ಆ ಮಹಡಿ ತುಂಬಿತ್ತು. ಮರುದಿನ ಅವರೆಲ್ಲ ಇಸ್ತ್ರಿ ಬಟ್ಟೆ ಹಾಕಿಕೊಂಡು, ಹಲ್ಲಿನ ಸೆಟ್ಟು ಕೂರಿಸಿಕೊಂಡು, ನೆಂಟರನ್ನು ಎದುರುಗೊಳ್ಳುವಂತೆ ಕಾದರು. ಅಧಿಕಾರಿ ಬಾಗಿಲಲ್ಲಿ ನಿಂತು, "ಗಂಟೆ ಒತ್ತಿದ್ರೆ ಬರ್ತಾರಾ ತಾತ?" ಎಂದು ಕೇಳಿದಾಗ, ಅವಳ ಭುಜದಾಚೆ ಮೇಡಂ ನಗುತ್ತಿದ್ದಳು. ಬಿರುಗಾಳಿ ನೆಲ ನೋಡುತ್ತಿದ್ದಳು.

"ಏನೂ ತೊಂದರೆಯಿಲ್ಲಮ್ಮ. ಸ್ವಂತ ಮನೆ ಇದ್ದ ಹಾಗಿದೆ" ಎಂದ ತಾತ.

ಎಕ್ಸ್‌ಚೇಂಜಮ್ಮ ಮಾತ್ರ ಎಲ್ಲವನ್ನೂ ಹೇಳಿದರು. ಅಧಿಕಾರಿ ಅವರ ಗಂಟೆಯನ್ನೇ ಒತ್ತಿ ನೋಡಿದಳು. ದೀಪ ಹತ್ತುವಷ್ಟರಲ್ಲಿ ಹೊಸ ಆಯಾಗಳು ಓಡಿ ಬಂದರು. "ಬಂದ್ರಲ್ಲಮ್ಮ" ಎಂದಳು ಅಧಿಕಾರಿ, ಮಗುವಿಗೆ ಹೇಳುವಂತೆ.

ಮಧ್ಯಾಹ್ನ ಕುರ್ಚಿ ಮಾಮೂಲಿನಂತೆ ಹೊಸ್ತಿಲಿಗೆ ಬಂತು.

"ಆ ಅಧಿಕಾರಿ ಕಾರು ಹತ್ತಿ ಹೋಗ್ತಾಳೆ" ಎಂದ ತಾತ, ಗೋಡೆಗೆ ಹೇಳುವಂತೆ. "ನನ್ನ ತಿರುಗಿಸಿ ಮಲಗಿಸೋರು ಇಲ್ಲೇ ಇರ್ತಾರೆ."

"ಗೊತ್ತು" ಎಂದರು ಎಕ್ಸ್‌ಚೇಂಜಮ್ಮ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಾತನಿಗೆ ಹಗುರಾಗುತ್ತಿತ್ತು.

ಅಲ್ಲಿಂದಾಚೆಗೆ ಅವರಿಗೆ ಯಾರೂ ಒಂದು ಮಾತು ಅನ್ನಲಿಲ್ಲ. ತಿರುವಿನ ಕನ್ನಡಿಯನ್ನು ಸ್ವಚ್ಛ ಮಾಡಲೆಂದು ಇಳಿಸಿದವರು ಮತ್ತೆ ಹಾಕಲಿಲ್ಲ. ಕಾರಿಡಾರಿನಲ್ಲಿ ಕುರ್ಚಿ ಇದ್ದರೆ ಗಾಡಿಗೆ ಅಡ್ಡ ಎಂದು ಕುರ್ಚಿ ಹೋಯಿತು. ವಾಕರಿನ ಕಾಲಿನ ರಬ್ಬರು ಸವೆದಿದೆ, ಜಾರಿದರೆ ಕಷ್ಟ ಎಂದು ವಾಕರ್ ಹೋಯಿತು. ಎಲ್ಲವೂ ಅವರ ಒಳ್ಳೆಯದಕ್ಕೇ. ಸುಮ್ಮಸುಮ್ಮನೆ ಗಂಟೆ ಒತ್ತುವವರು ಎಂಬ ಹೆಸರು ಮೇಜಿನ ಬಳಿ ಬಿದ್ದಿದೆಯೆಂದು ಬಿರುಗಾಳಿಯೇ ತಾತನ ಕಿವಿಯಲ್ಲಿ ಹೇಳಿದಳು. "ಅಮ್ಮನಿಗೆ ಸ್ವಲ್ಪ ಕಡಿಮೆ ಒತ್ತೋಕೆ ಹೇಳಿ ತಾತ. ನಿಜವಾಗಿ ಬೇಕಾದಾಗ ಯಾರೂ ನಂಬಲ್ಲ." ಅವಳ ಕಣ್ಣಲ್ಲಿದ್ದ ಹೆದರಿಕೆ ತಾತನಿಗೂ ಅಂಟಿಕೊಂಡಿತು. ಈಗ ಎರಡು ತೆರೆದ ಬಾಗಿಲುಗಳ ನಡುವೆ ಇಬ್ಬರೂ ದನಿ ಎತ್ತಿ ಮಾತಾಡಬೇಕಿತ್ತು. ದಿನ ಹೋದಂತೆ ಎಕ್ಸ್‌ಚೇಂಜಮ್ಮನ ದನಿ ಸಣ್ಣಗಾಯಿತು.

ಬಿರುಗಾಳಿಗೆ ರಜೆಯಿದ್ದ ಒಂದು ಮಧ್ಯಾಹ್ನ, ಊಟದ ತಟ್ಟೆಗಳು ಹೋದ ಮೇಲೆ, ಎದುರು ಬಾಗಿಲ ಮೇಲಿನ ದೀಪ ಹತ್ತಿತು.

ಆರಿತು.

ತಾತ ಕಿವಿಗೊಟ್ಟ. ಹೆಜ್ಜೆ ಸಪ್ಪಳವಿಲ್ಲ. ದೀಪ ಮತ್ತೆ ಹತ್ತಿತು, ಮತ್ತೆ ಆರಿತು. "ಅಮ್ಮ, ಏನಾಯ್ತು?" ಎಂದು ಕೂಗಿದ. ಉತ್ತರ ಬರಲಿಲ್ಲ. ದೀಪ ಇನ್ನೊಮ್ಮೆ ಹತ್ತಿದಾಗ ಅವನು ತನ್ನ ಗಂಟೆಯನ್ನೂ ಒತ್ತಿ ಹಿಡಿದ. ಅದನ್ನೂ ಆರಿಸಿದರು. ತಲೆದೆಸೆಯ ಸ್ಟೂಲಿನ ಮೇಲಿದ್ದ ನೀರಿನ ಜಗ್ಗನ್ನು ಕೈಚಾಚಿ ಎಳೆದು ಬಾಗಿಲಿನತ್ತ ಎಸೆದ. ಅದು ಹೊಸ್ತಿಲು ದಾಟಿ ಉರುಳಿ ಎದುರು ಕೋಣೆಯ ಬಾಗಿಲಿಗೆ ಬಡಿದು ನಿಂತಿತು. ಆಗ ಜನ ಬಂದರು. ನೆಲ ಒದ್ದೆಯಾಗಿದ್ದಕ್ಕೆ ಬಂದರು. ಆಮೇಲೆ ಯಾರೋ ಆ ಕೋಣೆಯೊಳಗೆ ಇಣುಕಿದರು.

ಎಕ್ಸ್‌ಚೇಂಜಮ್ಮನ ಹೆಬ್ಬೆರಳು ಇನ್ನೂ ಗಂಟೆಯ ಗುಂಡಿಯ ಮೇಲೇ ಇತ್ತಂತೆ. ಹೃದಯ ನಿಂತಿದೆ ಎಂದರು. ಬೇಗ ಬಂದಿದ್ದರೆ ಉಳಿಯುತ್ತಿದ್ದರೇ ಎಂದು ಅಕ್ಕನ ಮಗಳು ಡಾಕ್ಟರನ್ನು ಕೇಳಿದಳು. ಅವರು ಕಾಗದಕ್ಕೆ ಸಹಿ ಹಾಕಿ ಪೆನ್ನು ಮುಚ್ಚಿದರು.

ವಿಚಾರಣೆಗೆ ಬಂದದ್ದು ಅದೇ ಅಧಿಕಾರಿ. ಯಂತ್ರದ ಪ್ರಕಾರ ಆ ಮಧ್ಯಾಹ್ನ ಪ್ರತಿ ಕರೆಗೂ ಕೂಡಲೇ ಉತ್ತರ ಸಿಕ್ಕಿತ್ತು. ಮೇಡಂ ಅದನ್ನೇ ತೋರಿಸುತ್ತ ತಾತನ ಬಾಗಿಲು ದಾಟುವಾಗ, ಅವನು ಅಧಿಕಾರಿಯನ್ನು ಕರೆದ.

"ಅಮ್ಮ, ಹೋದ ಸಲ ನಾನು ನಿಮಗೆ ಸುಳ್ಳು ಹೇಳಿದ್ದೆ. ಇವತ್ತು ಕೂತ್ಕೊಳ್ಳಿ."

ಅವಳು ಕೂತಳು. ತಾತ ದೀಪ ಹತ್ತಿದ್ದನ್ನು, ಆರಿದ್ದನ್ನು, ಯಾರೂ ನಡೆದು ಬಾರದ್ದನ್ನು ಹೇಳಿದ. ಮೇಡಂ ಬಾಗಿಲಲ್ಲೇ ನಿಂತಿದ್ದಳು. ಅವಳು ನಿಂತಿರುವಾಗಲೇ ಹೇಳಿದ. ಮರುದಿನ ಬಿರುಗಾಳಿಯೂ ಹೇಳಿದಳು. ಅದರ ಮರುದಿನದಿಂದ ಅವಳು ಕೆಲಸಕ್ಕೆ ಬರಲಿಲ್ಲ.

ಹಾಸಿಗೆಯ ಪಕ್ಕಕ್ಕೆ ದೀಪ ಆರಿಸುವ ಗುಂಡಿಗಳು ಬಂದವು. ಈ ಮಹಡಿಗೆ ಮಾತ್ರ. ಉಳಿದವುಗಳ ಬಗ್ಗೆ ಪರಿಶೀಲಿಸುತ್ತಾರಂತೆ. ಮೊದಲು ಖಾಲಿಯಿದ್ದ ಎದುರು ಕೋಣೆಯಲ್ಲೇ ಜೋಡಿಸಿದರು. ಅಧಿಕಾರಿ ಗಂಟೆ ಒತ್ತಿ ನೋಡಿದಳು. ಬಾಗಿಲ ಮೇಲೆ ಕೆಂಪು ದೀಪ ಹತ್ತಿತು. ಮೇಜಿನ ಹಲಗೆಯಲ್ಲಿ ಈಗ ಆರಿಸುವ ಗುಂಡಿಯಿಲ್ಲ. ದೀಪ ಉರಿಯುತ್ತಲೇ ಇತ್ತು. ಕೊನೆಗೆ ಮೇಡಂ ತಾನೇ ತಿರುವು ದಾಟಿ ಬಂದು, ಆ ಕೋಣೆಯೊಳಗೆ ಹೋಗಿ, ಬರಿ ಹಾಸಿಗೆಯ ಮೇಲೆ ಬಗ್ಗಿ ಅದನ್ನು ಆರಿಸಬೇಕಾಯಿತು. ಹೊರಬರುವಾಗ ತಾತನನ್ನು ನೋಡಿ ನಕ್ಕಳು.

ಸಂಜೆಗೆ ಅಧಿಕಾರಿಯ ಕಾರು ಹೊರಟ ಸದ್ದು ಕೇಳಿಸಿತು. ಗೇಟು ಮುಚ್ಚಿದರು. ತಾತ ಮಧ್ಯಾಹ್ನದಿಂದ ಒಂದೇ ಮಗ್ಗುಲಲ್ಲಿದ್ದ, ಬೆನ್ನು ಉರಿಯುತ್ತಿತ್ತು. ಗಂಟೆ ಒತ್ತಿದ. ಅವನ ಬಾಗಿಲ ಮೇಲಿನ ದೀಪದ ಕೆಂಪು ಎದುರು ಕೋಣೆಯ ಕಿಟಕಿಗಾಜಿನಲ್ಲಿ ಕಂಡಿತು. ಆರಲಿಲ್ಲ.

ಬಹಳ ಹೊತ್ತಿನ ಮೇಲೆ ತಿರುವಿನಾಚೆ ಕುರ್ಚಿಯೊಂದು ಸರಿದ ಸಪ್ಪಳವಾಯಿತು. ಹೆಜ್ಜೆಗಳು ಶುರುವಾದವು, ಅವಸರವಿಲ್ಲದ ಹೆಜ್ಜೆಗಳು. ಯಾರದೆಂದು ತಾತನಿಗೆ ಗುರುತು ಹತ್ತಲಿಲ್ಲ. ಆದರೆ ಬರುತ್ತಿದ್ದವು. ಅವನು ಹೆಬ್ಬೆರಳನ್ನು ಗಂಟೆಯ ಗುಂಡಿಯಿಂದ ತೆಗೆಯದೆ ಬಾಗಿಲನ್ನೇ ನೋಡುತ್ತಿದ್ದ.