ತಪ್ಪು ಉತ್ತರಗಳನ್ನು ಓದಿದವರು

ನಾಲ್ಕು ಗಂಟೆಗೆ ನಮ್ಮ ಸ್ಟಾಫ್ ರೂಮು ತುಂಬುತ್ತಿದ್ದದ್ದು ಟೀಗಾಗಿ ಅಲ್ಲ. ಆ ಟೀ ಹೆಸರಿಗೆ ಮಾತ್ರ ಟೀ. ಎಲ್ಲರೂ ಬರುತ್ತಿದ್ದದ್ದು ಸೊನ್ನೆ ಮೇಡಂ ಅವರ ನೋಟ್‌ಬುಕ್ಕಿಗಾಗಿ.

ಸೊನ್ನೆ ಮೇಡಂ ಎಂದರೆ ಭೌತಶಾಸ್ತ್ರದ ಮೇಡಂ. ಸೊನ್ನೆ ಕೊಡುವುದರಲ್ಲಿ ಅವರದು ಎತ್ತಿದ ಕೈ ಎಂದು ವಿದ್ಯಾರ್ಥಿಗಳು ಇಟ್ಟ ಹೆಸರು ಅದು. ಅವರ ಕಿವಿಗೂ ಬಿದ್ದಿತ್ತು, ಬೇಸರವೇನೂ ಇರಲಿಲ್ಲ. ಕ್ರೈಸ್ತ ಸಭೆಯವರು ನಡೆಸುವ ನಮ್ಮ ವಿಶ್ವವಿದ್ಯಾಲಯದಲ್ಲಿ ಇಪ್ಪತ್ತಮೂರು ವರ್ಷ ಒಂದೇ ಮೆಟ್ಟಿಲು ಹತ್ತಿ, ಒಂದೇ ಮೂಲೆಯ ಕೋಣೆಯಲ್ಲಿ ಪಾಠ ಮಾಡಿದವರು. ಭಾನುವಾರ ಪ್ರಾರ್ಥನೆಗೆ ಐದು ನಿಮಿಷ ಮೊದಲೇ ಬಂದು ಮೂರನೇ ಬೆಂಚಿನ ತುದಿಯಲ್ಲಿ ಕೂರುತ್ತಿದ್ದರು. ಮದುವೆಯಾಗಿರಲಿಲ್ಲ. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆಯ ಜೊತೆ ಎರಡು ಕೋಣೆಯ ಮನೆಯಲ್ಲಿದ್ದರು. ಮುಂದಿನ ಕೋಣೆಯಲ್ಲಿ ಅತ್ತಿಗೆಯ ಹೊಲಿಗೆ ಮೆಷಿನ್ನು, ಹಿಂದಿನ ಕೋಣೆಯಲ್ಲಿ ಇವರ ಉತ್ತರ ಪತ್ರಿಕೆಗಳ ರಾಶಿ.

ಪತ್ರಿಕೆ ತಿದ್ದುವಾಗ ನಗು ತರಿಸಿದ ಉತ್ತರಗಳನ್ನೆಲ್ಲ ಮೇಡಂ ಒಂದು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದರು, ಬರೆದವರ ಹೆಸರು ಮತ್ತು ವರ್ಷದ ಸಮೇತ. ಮಕ್ಕಳು ಇಂಗ್ಲಿಷಿನಲ್ಲಿ ಬರೆದದ್ದನ್ನು, ಹೆಸರು ಬಿಟ್ಟು, ನಮ್ಮ ಮಾತಿಗೆ ತಿರುಗಿಸಿ, ಮುಖ ಗಂಟಿಕ್ಕಿಕೊಂಡು ಓದುತ್ತಿದ್ದರು.

"ನಿರ್ವಾತ ಎಂದರೆ ಏನೂ ಇಲ್ಲದ ಜಾಗ. ಉದಾಹರಣೆಗೆ, ನಮ್ಮ ಹಾಸ್ಟೆಲಿನ ಅಡುಗೆಮನೆ."

ಬಿದ್ದು ಬಿದ್ದು ನಗುತ್ತಿದ್ದೆವು. ನಾನು ಭಾಷಾ ವಿಭಾಗದವನು. ನನಗೆ ಬಲ, ವೇಗ ಒಂದೂ ತಿಳಿಯದು. ಆದರೂ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನಾನೇ.

ಆ ವರ್ಷ ಆಡಳಿತದವರು ಹೊಸ ನಿಯಮ ತಂದರು. ಪ್ರತಿ ಅಧ್ಯಾಪಕರೂ ಎರಡು ವರ್ಷದೊಳಗೆ ಒಂದು ಸಂಶೋಧನಾ ಲೇಖನ ಪ್ರಕಟಿಸಬೇಕು, ಇಲ್ಲದಿದ್ದರೆ ಬಡ್ತಿ ಇಲ್ಲ. ಜೊತೆಗೆ ಪ್ರತಿ ಬುಧವಾರ ಪ್ರಾರ್ಥನಾ ಮಂದಿರದ ಪಕ್ಕದ ಕೋಣೆಯಲ್ಲಿ ಸೇರಬೇಕು. ಒಬ್ಬೊಬ್ಬರಾಗಿ ತಮ್ಮ ಅಧ್ಯಯನದ ಬಗ್ಗೆ, ಅದಕ್ಕೂ ದೇವರಲ್ಲಿನ ತಮ್ಮ ವಿಶ್ವಾಸಕ್ಕೂ ಇರುವ ನಂಟಿನ ಬಗ್ಗೆ ಮಾತಾಡಬೇಕು. ಹಳಬರೆಲ್ಲ ಗೊಣಗಿದರು. ಮೇಡಂ ಗೊಣಗಲೂ ಇಲ್ಲ. "ನಾನು ಬರೆದಿದ್ದು ಬರೀ ಕಪ್ಪುಹಲಗೆ ಮೇಲೆ. ಅದನ್ನೂ ಅಳಿಸಿಬಿಟ್ಟಿದೀನಿ" ಎಂದು ನಕ್ಕು ಸುಮ್ಮನಾದರು.

ಆಗಲೇ ಗಣಿತ ವಿಭಾಗಕ್ಕೆ ಒಬ್ಬ ಹೊಸ ಟೀಚರ್ ಬಂದಳು. ನಮ್ಮಲ್ಲೇ ಓದಿದ ಹುಡುಗಿ, ಮಿತಭಾಷಿ. ಅವಳು ಸೇರಿದ ಎರಡನೇ ವಾರ ಮೇಡಂ ಒಂದು ಹಳೆಯ ನೋಟ್‌ಬುಕ್ ತಂದು, ಬರೆದವರ ಹೆಸರಿನ ಕಡೆ ಕಣ್ಣು ಹಾಯಿಸದೆ ಓದಿದರು:

"ಮೇಲಕ್ಕೆ ಎಸೆದ ಚೆಂಡಿನಲ್ಲಿ ಕೈ ಕೊಟ್ಟ ಬಲ ಇರುತ್ತದೆ. ಏರುತ್ತಾ ಏರುತ್ತಾ ಅದು ಖರ್ಚಾಗುತ್ತದೆ. ತುದಿಯಲ್ಲಿ ಚೆಂಡು ಒಂದು ಗಳಿಗೆ ದಣಿವಾರಿಸಿಕೊಂಡು ಕೆಳಗಿಳಿಯುತ್ತದೆ."

"ಪಾಪ, ಒಂದು ಲೋಟ ನೀರು ಕೊಡಬೇಕಿತ್ತು ಅದಕ್ಕೆ!" ಎಂದೆ ನಾನು. ಕೋಣೆ ಗೊಳ್ಳೆಂದಿತು. ಗಣಿತದ ಹುಡುಗಿಯೂ ನಕ್ಕಳು.

ಎಲ್ಲರೂ ಎದ್ದುಹೋದ ಮೇಲೆ ಅವಳು ಮೇಡಂ ಹತ್ತಿರ ಬಂದಳು. ನಾನು ಬಾಗಿಲ ಬಳಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದೆ.

"ಮೇಡಂ, ಅದು ನನ್ನ ಉತ್ತರ."

"ಯಾವುದು?"

"ಚೆಂಡಿಂದು. ಎರಡನೇ ವರ್ಷದಲ್ಲಿ ಬರೆದಿದ್ದು. ನೀವು ಸೊನ್ನೆ ಹಾಕಿ ಅಡ್ಡಗೆರೆ ಎಳೆದಿದ್ರಿ. ಅದಾದ್ಮೇಲೆ ಫಿಸಿಕ್ಸ್ ಬಿಟ್ಟು ಮ್ಯಾಥ್ಸ್ ತಗೊಂಡೆ."

ಮೇಡಂ ಮುಖ ಕೆಂಪಾಯಿತು. "ಅಯ್ಯೋ, ಬೇಜಾರು ಮಾಡ್ಕೊಂಡ್ಯೇನಮ್ಮಾ? ಅದು ಸುಮ್ನೆ ತಮಾಷೆಗೆ..."

"ಬೇಜಾರೇನಿಲ್ಲ ಮೇಡಂ. ಒಂದು ಕೇಳ್ಬೇಕಿತ್ತು, ಅಷ್ಟೇ. ಅದು ಯಾಕೆ ತಪ್ಪು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ."

ಮೇಡಂ ವಿವರಿಸಲು ಹೋದರು. ಕೈ ಬಿಟ್ಟ ಕ್ಷಣವೇ ಕೈಯ ಬಲ ಮುಗಿಯಿತು, ಆಮೇಲೆ ಚೆಂಡಿನ ಮೇಲಿರುವುದು ಭೂಮಿಯ ಸೆಳೆತ ಒಂದೇ ಎಂದರು. ಹುಡುಗಿ ಕೇಳಿಸಿಕೊಂಡು, "ಹಾಗಾದ್ರೆ ಮೇಲಕ್ಕೆ ಯಾಕೆ ಹೋಗ್ತಾ ಇರುತ್ತೆ ಮೇಡಂ?" ಎಂದಳು. ಮೇಡಂ ಮತ್ತೆ ಅದನ್ನೇ ಇನ್ನಷ್ಟು ಜೋರಾಗಿ ಹೇಳಿದರು. ತಾನು ಹೇಳುತ್ತಿರುವುದು ಸರಿ, ಆದರೆ ಅದು ಎದುರಿಗಿರುವವಳನ್ನು ತಲುಪುತ್ತಿಲ್ಲ ಎಂಬುದು ಅವರಿಗೆ ಬಹುಶಃ ಆವತ್ತೇ ಮೊದಲ ಸಲ ಕಣ್ಣಿಗೆ ಹೊಡೆದಂತೆ ಕಂಡಿತು.

ಆ ಸಂಜೆ ಮನೆಯಲ್ಲಿ ನಡೆದದ್ದನ್ನು ಅತ್ತಿಗೆಯೇ ಆಮೇಲೆ ನನಗೆ ಹೇಳಿದರು. ಬಟ್ಟೆಯ ತುಣುಕುಗಳ ನಡುವೆ ಕುಳಿತು ಮೇಡಂ ಕೇಳಿದರಂತೆ: "ಅತ್ತಿಗೆ, ಚೆಂಡನ್ನ ಮೇಲಕ್ಕೆ ಎಸೆದ್ರೆ ಅದು ವಾಪಸ್ಸು ಯಾಕೆ ಬೀಳುತ್ತೆ?"

"ಇಷ್ಟು ವರ್ಷ ಪಾಠ ಮಾಡಿ ಅದೂ ಗೊತ್ತಿಲ್ವಾ ನಿನಗೆ? ಎಸೆದ ತ್ರಾಣ ಮುಗಿಯುತ್ತೆ, ಬೀಳುತ್ತೆ."

"ಅದು ತಪ್ಪು ಅತ್ತಿಗೆ."

"ತಪ್ಪಾದ್ರೆ ನಿನ್ನ ಚೆಂಡಿಗೆ ಹೇಳು, ನನಗ್ಯಾಕೆ ಹೇಳ್ತೀಯ?" ಎಂದು ಅತ್ತಿಗೆ ಸೂಜಿಗೆ ದಾರ ಪೋಣಿಸಿದರಂತೆ. ಮೇಡಂ ನಗಲಿಲ್ಲವಂತೆ. ಸ್ಟಾಫ್ ರೂಮಿನ ಕಥೆಯನ್ನೆಲ್ಲ ಹೇಳಿಕೊಂಡರು. ಅತ್ತಿಗೆ ಕೇಳಿ, "ಕುಪ್ಪಸ ಸರಿಯಾಗಿಲ್ಲ ಅಂತ ಯಾರಾದ್ರೂ ತಂದ್ರೆ ನಾನು ಎಲ್ಲಿ ಹಿಡೀತಿದೆ ಅಂತ ನೋಡ್ತೀನಪ್ಪ. ನೀನು ಒಂಬತ್ತು ಪುಸ್ತಕ ತುಂಬಾ ಬರ್ಕೊಂಡಿದೀಯ, ಒಂದು ಸಲಾನಾದ್ರೂ ನೋಡಿದ್ಯಾ?" ಎಂದರು.

ಮರುದಿನದಿಂದ ನೋಟ್‌ಬುಕ್ ಟೀಗೆ ಬರಲಿಲ್ಲ. ಮೇಡಂ ಒಂಬತ್ತನ್ನೂ ಮೊದಲಿನಿಂದ ಓದತೊಡಗಿದ್ದರು. ಒಟ್ಟು ಸಾವಿರದ ಮುನ್ನೂರ ಹನ್ನೆರಡು ಉತ್ತರಗಳು. ಒಂದೊಂದನ್ನೂ ಒಂದೊಂದು ಚೀಟಿಗೆ ಇಳಿಸಿ ಮಂಚದ ಮೇಲೆ ಹರಡಿದರು. ವಿಂಗಡಿಸುತ್ತಾ ಹೋದಂತೆ ಅವರಿಗೆ ಒಂದು ವಿಷಯ ತೋಚಿತು: ಮಕ್ಕಳು ಬಾಯಿಗೆ ಬಂದದ್ದು ಬರೆದಿರಲಿಲ್ಲ. ಬೇರೆ ಬೇರೆ ವರ್ಷ, ಬೇರೆ ಬೇರೆ ಮನೆಗಳಿಂದ ಬಂದವರು ಒಂದೇ ತಪ್ಪನ್ನು, ಹೆಚ್ಚುಕಡಿಮೆ ಒಂದೇ ಮಾತಿನಲ್ಲಿ ಮಾಡಿದ್ದರು. ಚೆಂಡಿನ ಬಗ್ಗೆಯೇ ಇನ್ನೂರಕ್ಕೂ ಹೆಚ್ಚು ಚೀಟಿಗಳಿದ್ದವು.

ಗಣಿತದ ಹುಡುಗಿಯನ್ನು ಕರೆದು, "ಇದನ್ನ ಎಣಿಸಿ ಕೋಷ್ಟಕ ಮಾಡೋಕೆ ಸಹಾಯ ಮಾಡ್ತೀಯಾ? ಲೇಖನ ಬರೆಯೋಣ. ನಿನ್ನ ಹೆಸರೂ ಇರಲಿ" ಎಂದರು. ಅವಳು ಕೂಡಲೇ ಒಪ್ಪಲಿಲ್ಲ. ಎರಡು ದಿನ ಬಿಟ್ಟು ಬಂದು, "ಮಾಡ್ತೀನಿ. ಆದ್ರೆ ನೀವು ನನಗೆ ಪಾಠ ಹೇಳೋ ಹಾಗಿಲ್ಲ, ನಾನು ಕೇಳಿದ್ದಕ್ಕೆ ಉತ್ತರ ಕೊಡ್ಬೇಕು" ಎಂದಳು.

ನಾಲ್ಕು ತಿಂಗಳಲ್ಲಿ ಲೇಖನ ಬರೆದು ಒಂದು ಪತ್ರಿಕೆಗೆ ಕಳಿಸಿದರು. ಆರು ವಾರಕ್ಕೆ ವಾಪಸ್ಸು ಬಂತು. ಪರಿಶೀಲಿಸಿದವರ ಟಿಪ್ಪಣಿ ಎರಡೇ ಸಾಲು: ಇದು ದಶಕಗಳಿಂದ ಎಲ್ಲರಿಗೂ ತಿಳಿದ ಸಂಗತಿ, ಲೇಖಕರು ಈ ಬಗ್ಗೆ ಯಾವ ಓದನ್ನೂ ಮಾಡಿದಂತಿಲ್ಲ.

ಮೇಡಂ ಆ ಕಾಗದ ಹಿಡಿದು ನನ್ನ ಕೋಣೆಗೆ ಬಂದರು. ಕಣ್ಣಲ್ಲಿ ನೀರಿರಲಿಲ್ಲ, ಆದರೆ ಕುರ್ಚಿ ಎಳೆದುಕೊಂಡ ರೀತಿಯಲ್ಲೇ ಪೆಟ್ಟು ಬಿದ್ದದ್ದು ಗೊತ್ತಾಯಿತು.

"ಇದರ ಬಗ್ಗೆ ಪುಸ್ತಕಗಳೇ ಇದಾವಂತೆ. ನಾನು ಕಾಲೇಜು ಮುಗಿಸಿದ ಮೇಲೆ ಪಠ್ಯ ಬಿಟ್ಟು ಇನ್ನೊಂದು ಓದಿಲ್ಲ. ಅವರು ಬರೆದಿರೋದು ನಿಜ. ನನಗೂ ಸೊನ್ನೆ ಬಿತ್ತು ನೋಡಿ."

ಆದರೆ ಅವರು ಸಮಾಧಾನಕ್ಕಾಗಿ ಬಂದಿರಲಿಲ್ಲ. ಕಾಗದ ಮಡಿಚಿಟ್ಟು ಕೇಳಿದರು: "ಬಲ, ಶಕ್ತಿ, ತ್ರಾಣ. ಇವಕ್ಕೆಲ್ಲ ನಮ್ಮ ಮಾತಲ್ಲಿ ಏನು ವ್ಯತ್ಯಾಸ?"

"ಮನೇಲಿ ಮಾತಾಡುವಾಗ ಅಂಥ ವ್ಯತ್ಯಾಸ ಏನಿಲ್ಲ. ಮೈಯಲ್ಲಿ ಬಲ ಇಲ್ಲ, ಶಕ್ತಿ ಇಲ್ಲ, ತ್ರಾಣ ಇಲ್ಲ. ಎಲ್ಲಾ ಒಂದೇ. ಇರುತ್ತೆ, ಖರ್ಚಾಗುತ್ತೆ, ಊಟ ಮಾಡಿದ್ರೆ ಮತ್ತೆ ಬರುತ್ತೆ."

"ನಮ್ಮ ಅತ್ತಿಗೆ ತ್ರಾಣ ಅಂದ್ರು" ಎಂದರು ಮೇಡಂ. ಆಮೇಲೆ ಎದ್ದು ಗ್ರಂಥಾಲಯಕ್ಕೆ ಹೋದರು.

ಮುಂದಿನ ಒಂದು ವರ್ಷ ಪಾಠ ಮುಗಿದ ಮೇಲೆ ಅವರು ಸಿಗುತ್ತಿದ್ದದ್ದು ಅಲ್ಲೇ. ಕಿಟಕಿಯ ಪಕ್ಕದ ಮೇಜಿನಲ್ಲಿ, ಪಕ್ಕದಲ್ಲೊಂದು ನಿಘಂಟು, ಎದುರಿಗೆ ಗಣಿತದ ಹುಡುಗಿ. ಅರವತ್ತು ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಮೊದಲು ಮನೆಮಾತಿನಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಅದೇ ಪ್ರಶ್ನೆ ಕೇಳಿದರು. ಕೊನೆಗೆ ಅವರಿಗೆ ಸಿಕ್ಕಿದ್ದು ಇಷ್ಟು: ಮೇಲೇರುವ ಚೆಂಡಿನಲ್ಲಿ ಖರ್ಚಾಗುತ್ತಾ ಹೋಗುವುದು ಒಂದು ಇದ್ದೇ ಇದೆ, ಅದು ಚಲನಶಕ್ತಿ. ಮಕ್ಕಳು ಅದನ್ನು ಸರಿಯಾಗಿಯೇ ಕಂಡಿದ್ದರು. ಮನೆಯ ಮಾತಿನಲ್ಲಿ ಅದನ್ನು ತ್ರಾಣ ಎಂದುಕೊಂಡು, ಪರೀಕ್ಷೆಯಲ್ಲಿ ಬಲ ಎಂಬ ಅರ್ಥದ ಇಂಗ್ಲಿಷ್ ಪದಕ್ಕೆ ತಿರುಗಿಸಿ, ಅಲ್ಲಿ ಎಡವಿದ್ದರು. ಕಂಡದ್ದು ಸರಿ, ಇಟ್ಟ ಹೆಸರು ತಪ್ಪು. ಇದನ್ನು ಹೇಳಿದ ದಿನ ಗಣಿತದ ಹುಡುಗಿ ಪೆನ್ನು ಕೆಳಗಿಟ್ಟು, "ಇಷ್ಟೇನಾ ಮೇಡಂ?" ಎಂದಳಂತೆ. ಆಮೇಲೆ ಮುಖ ತೊಳೆದುಕೊಂಡು ಬರುತ್ತೇನೆಂದು ಹೋದವಳು ಅರ್ಧ ಗಂಟೆ ಬರಲಿಲ್ಲ.

ಬುಧವಾರದ ಕೂಟದಲ್ಲಿ ಮೇಡಂ ಸರದಿ ಬಂತು. ಅಲ್ಲಿಯವರೆಗೆ ಮಾತಾಡಿದವರೆಲ್ಲ ದೊಡ್ಡ ದೊಡ್ಡ ಮಾತು ಆಡಿದ್ದರು. ಒಂದೊಂದು ಅಣುವೂ ದೇವರ ಕೈಬರಹ ಎಂದವರಿದ್ದರು. ಮೇಡಂ ಎರಡು ಚೀಟಿ ಹಿಡಿದು ನಿಂತರು. ಲೇಖನದ ವಿಷಯ ಹೇಳಿ ಮುಗಿಸಿ, ಕೊನೆಗೆ ಹೇಳಿದರು:

"ವಿಶ್ವಾಸದ ಬಗ್ಗೆ ಹೇಳ್ಬೇಕಂತೆ. ನನಗೆ ಹೇಳೋಕೆ ಬರೋದು ಒಂದೇ. ಈ ಮಕ್ಕಳು ನನ್ನನ್ನ ನಂಬಿ, ತಮಗೆ ಕಂಡಿದ್ದನ್ನ ಬರೆದ್ರು. ನಾನು ಅದನ್ನ ತಂದು ಟೀ ಜೊತೆ ಹಂಚಿದೆ. ನೀವೂ ತಗೊಂಡ್ರಿ. ಅದು ನನ್ನ ಮನಸ್ಸಿಂದ ಹೋಗ್ತಿಲ್ಲ."

ನಾನು ನೆಲ ನೋಡುತ್ತಿದ್ದೆ. ವಾಣಿಜ್ಯ ವಿಭಾಗದ ಮುಖ್ಯಸ್ಥರು ಗಂಟಲು ಸರಿಮಾಡಿಕೊಂಡು, "ಮೇಡಂ, ಇದು ಸಂಶೋಧನೆಯೋ, ಪಾಪನಿವೇದನೆಯೋ?" ಎಂದರು.

"ಎರಡೂ ಇರಬಹುದು ಸರ್. ಬೇರೆ ಬೇರೆ ಮಾಡೋದು ನನಗೆ ಆಗ್ಲಿಲ್ಲ."

ಆಗ ಹಿಂದಿನ ಸಾಲಿನಿಂದ ನಮ್ಮ ಪಾದ್ರಿಗಳು ಮೆಲ್ಲಗೆ ಕೇಳಿದರು: "ನೋಟ್‌ಬುಕ್ಕಲ್ಲಿರೋ ಮಕ್ಕಳ ಉತ್ತರ ಲೇಖನದಲ್ಲಿ ಹಾಕ್ತೀರಲ್ಲ, ಅವರನ್ನ ಕೇಳಿದೀರಾ?"

ಮೇಡಂ ಕೇಳಿರಲಿಲ್ಲ. ಅದು ತಲೆಗೇ ಹೊಳೆದಿರಲಿಲ್ಲ.

ಕೇಳುವ ಕೆಲಸಕ್ಕೆ ಮತ್ತೆ ಐದು ತಿಂಗಳು ಹಿಡಿಯಿತು. ಲೇಖನದಲ್ಲಿ ನೇರವಾಗಿ ಉದ್ಧರಿಸಿದ್ದ ನಲವತ್ತು ಉತ್ತರಗಳ ಒಡೆಯರನ್ನು ಹುಡುಕಿ ಪತ್ರ ಬರೆದರು. ಇಪ್ಪತ್ತೇಳು ಜನ ಒಪ್ಪಿದರು. ನರ್ಸ್ ಆಗಿದ್ದ ಒಬ್ಬಳು, "ಆ ಅಡುಗೆಮನೆ ಉತ್ತರ ನನ್ನದೇ, ಈಗಲೂ ಅದಕ್ಕೆ ಬದ್ಧಳು" ಎಂದು ಬರೆದಿದ್ದಳು. ಒಬ್ಬ ಮಾತ್ರ ಬೇಡ ಎಂದ, ಕಾರಣ ಹೇಳಲಿಲ್ಲ. ಅವನದೇ ಇಡೀ ಲೇಖನದಲ್ಲಿ ಅತಿ ಸ್ಪಷ್ಟವಾದ ಉದಾಹರಣೆ. ಮೇಡಂ ಅದನ್ನು ಹೊಡೆದುಹಾಕಿದರು. ಉತ್ತರ ಬಾರದ ಹನ್ನೆರಡನ್ನೂ ತೆಗೆದರು. ಗಣಿತದ ಹುಡುಗಿ ತನ್ನದನ್ನು ಹೆಸರಿನ ಸಮೇತ ಹಾಕಬೇಕೆಂದು ಹಠ ಹಿಡಿದು ಹಾಕಿಸಿದಳು.

ಅಷ್ಟರಲ್ಲಿ ಎರಡು ವರ್ಷದ ಗಡುವು ಮುಗಿದಿತ್ತು. ಬಡ್ತಿಯ ಪಟ್ಟಿಯಲ್ಲಿ ಮೇಡಂ ಹೆಸರಿರಲಿಲ್ಲ. ಅದಾಗಿ ಎಂಟು ತಿಂಗಳಿಗೆ ಒಂದು ಚಿಕ್ಕ ಶಿಕ್ಷಣ ಪತ್ರಿಕೆಯಲ್ಲಿ ಹನ್ನೊಂದು ಪುಟದ ಲೇಖನ ಬಂತು. ಅತ್ತಿಗೆ ಅದನ್ನು ತಿರುವಿ ಹಾಕಿ, "ನನ್ನ ಮಾತು ಎಲ್ಲಿದೆ?" ಎಂದರು. ಅಡಿಟಿಪ್ಪಣಿಯಲ್ಲಿ 'ಒಬ್ಬ ದರ್ಜಿ' ಎಂದಿತ್ತು. "ಇಷ್ಟು ಸಣ್ಣಕ್ಷರದಲ್ಲಾ?" ಎಂದು ಒಂದು ವಾರ ಮುನಿಸಿಕೊಂಡಿದ್ದರು.

ಮರುವರ್ಷ ಹೊಸದಾಗಿ ಸೇರಿದ ಅಧ್ಯಾಪಕರ ತರಬೇತಿಯನ್ನು ಮೇಡಂಗೇ ವಹಿಸಿದರು. ಅವರು ಒಬ್ಬೊಬ್ಬರಿಗೂ ಒಂದು ಉತ್ತರ ಪತ್ರಿಕೆ ಕೊಟ್ಟು, ಅಂಕ ಹಾಕುವ ಮೊದಲು ಪ್ರತಿ ತಪ್ಪಿನ ಪಕ್ಕದಲ್ಲಿ 'ಈ ಮಗು ಕಂಡದ್ದೇನು' ಎಂದು ಒಂದು ಸಾಲು ಬರೆಯಲು ಹೇಳಿದರು. ಒಬ್ಬನಿಗೆ ಒಂದು ಪತ್ರಿಕೆಗೇ ನಲವತ್ತು ನಿಮಿಷ ಹಿಡಿಯಿತು.

"ನನಗೆ ನೂರಾ ಎಂಬತ್ತು ಪತ್ರಿಕೆ ಇದೆ ಮೇಡಂ. ಹೀಗಾದ್ರೆ ರಿಸಲ್ಟ್ ಕೊಡೋದು ಯಾವಾಗ?" ಎಂದ.

"ಅದಕ್ಕೆ ನನ್ನ ಹತ್ರ ಉತ್ತರ ಇಲ್ಲಪ್ಪ" ಎಂದರು ಮೇಡಂ. "ನಿನಗೆ ಹೊಳೆದ್ರೆ ನನಗೂ ಹೇಳು."

ಆ ಸೆಮಿಸ್ಟರ್ ಫಲಿತಾಂಶ ಹದಿನೆಂಟು ದಿನ ತಡವಾಯಿತು. ವಾಣಿಜ್ಯದ ಮುಖ್ಯಸ್ಥರು ದೂರು ಬರೆದರು. ದೂರಿನಲ್ಲಿ ಹುರುಳಿತ್ತು, ಮೇಡಂ ಅದನ್ನು ಒಪ್ಪಿ ಸಹಿ ಹಾಕಿ, ತಿದ್ದಲು ಉಳಿದಿದ್ದ ಕಟ್ಟನ್ನು ಎತ್ತಿಕೊಂಡು ಮನೆಗೆ ನಡೆದರು.