ಎರಡನೆಯ ದಿನದ ರುಚಿ

ಬಾಟಲಿ ತೆರೆದ ದಿನವೇ ತೀರ್ಪು ಕೊಡುವುದು ಅವಳ ಪದ್ಧತಿಯಲ್ಲ. ಎರಡು ಗುಟುಕು ಬಾಯಲ್ಲಿ ಆಡಿಸಿ, ಅರ್ಧ ವೈನನ್ನು ಅಕ್ಕನ ಹೋಟೆಲಿನ ಅಡುಗೆಗೆಂದು ಬೇರೆ ಬಗ್ಗಿಸಿಟ್ಟು, ಉಳಿದ ಅರ್ಧಕ್ಕೆ ಬಿರಡೆ ಒತ್ತುತ್ತಿದ್ದಳು. ಒಳಗಿನ ಮಟ್ಟಕ್ಕೆ ಸರಿಯಾಗಿ ಬಾಟಲಿಯ ಸೊಂಟಕ್ಕೊಂದು ರಬ್ಬರ್ ಬ್ಯಾಂಡ್ ತೊಡಿಸಿ ಮನೆಯ ಅಡುಗೆಕಟ್ಟೆಯ ಮೇಲೆ ನಿಲ್ಲಿಸುತ್ತಿದ್ದಳು. ಮಾರನೆಯ ಸಂಜೆಯವರೆಗೆ ಯಾರೂ ಮುಟ್ಟುವಂತಿಲ್ಲ. ಬ್ಯಾಂಡಿನಿಂದ ಕೂದಲೆಳೆಯಷ್ಟು ಕೆಳಗಿಳಿದಿದ್ದರೂ ಗಡಿಯಾರ ರಿಪೇರಿ ಮಾಡುವ ಗಂಡನಿಗೆ ಅಂದು ಮಂಗಳಾರತಿ.

ಕಾರಣವಿತ್ತು. ಅಕ್ಕನ ಹೋಟೆಲಿನಲ್ಲಿ ವೈನ್ ಖರ್ಚಾಗುವುದು ಲೋಟದ ಲೆಕ್ಕದಲ್ಲಿ. ಇವತ್ತು ತೆರೆದದ್ದು ನಾಳೆ ಮಧ್ಯಾಹ್ನದ ಗಿರಾಕಿಗೂ ಆಗಬೇಕು. ಸುತ್ತಲಿನ ದ್ರಾಕ್ಷಿ ತೋಟಗಳಲ್ಲಿ ಅಗ್ಗದ ವೈನಿಗೆ ಬರವಿರಲಿಲ್ಲ, ಒಳ್ಳೆಯ ವೈನಿಗೂ ಬರವಿರಲಿಲ್ಲ. ಅಗ್ಗವೂ ಆಗಿದ್ದು, ಒಳ್ಳೆಯದೂ ಆಗಿದ್ದು, ಎರಡನೆಯ ದಿನವೂ ಜೀವ ಹಿಡಿದುಕೊಂಡಿರುವಂಥದ್ದು ಮಾತ್ರ ಸಿಗುತ್ತಿರಲಿಲ್ಲ. ಅದನ್ನು ಹುಡುಕಿ ತರುವುದು ಅವಳ ಕೆಲಸ. ಹೋಟೆಲಿನವರು ಬೆನ್ನ ಹಿಂದೆ ಅವಳನ್ನು ‘ಅರ್ಧಬಾಟ್ಲಿ’ ಎನ್ನುತ್ತಿದ್ದರು. ಆಮೇಲೆ ಮುಖದೆದುರೂ ಅನ್ನತೊಡಗಿದರು.

ಅದಕ್ಕೆ ಮೊದಲು ವರ್ಷಗಟ್ಟಲೆ ಅವಳು ಕೌಂಟರಿನಲ್ಲಿ ಕೂತು ಬಿಲ್ ಹರಿದವಳು. ಬಾಗಿಲು ತೆರೆದಾಗ ಬೀದಿಯ ಒಂದು ತುಂಡು, ಮುಚ್ಚಿದಾಗ ಅದೂ ಇಲ್ಲ. ವೈನ್ ಕೊಳ್ಳುತ್ತಿದ್ದವನು ಕೆಲಸ ಬಿಟ್ಟಾಗ ಅಕ್ಕ, “ನೀನೇ ಹೋಗಿ ನೋಡ್ಕೊಂಡು ಬಾರೆ” ಎಂದಳು. ಹೋದಳು. ಬಳ್ಳಿಗಳ ಸಾಲಿನ ನಡುವೆ ನಿಂತು ಮೊದಲ ಗುಟುಕು ನುಂಗಿದಾಗ, ಇಷ್ಟು ವರ್ಷ ನನಗೊಂದು ನಾಲಿಗೆಯಿದೆ ಎಂಬುದನ್ನೇ ಮರೆತಿದ್ದೆನಲ್ಲ ಎನಿಸಿತ್ತು.

ಆದರೆ ಈ ಸಲದ ಸುತ್ತಾಟ ತಲೆಚಿಟ್ಟು ಹಿಡಿಸಿತ್ತು. ಒಂದು ಕಡೆ ಬಾಗಿಲಲ್ಲೇ ಕಾರಂಜಿ. ಒಳಗೆ ಹೊಳಪು ಬಳಿದ ಪೀಪಾಯಿಗಳು, ತಟ್ಟಿದರೆ ಡಬಡಬ ಎಂದವು, ಬರೀ ಟೊಳ್ಳು. ಅಲ್ಲಿಯ ಹುಡುಗಿ ಗುಟುಕಿಗೆ ಮೊದಲು ಬಾಯಿಗೆ ಉಪ್ಪು ಚೀಸ್ ತುರುಕಿದಳು. ಅದರ ಮೇಲೆ ಚರಂಡಿ ನೀರು ಕೊಟ್ಟರೂ ಅಮೃತವೇ. ಇನ್ನೊಂದು ಕಡೆ ವೈನ್ ಚೆನ್ನಾಗಿತ್ತು, ತೋಟದವನೇ ಕೊಡಲಿಲ್ಲ. “ಹೋಟೆಲಿನೋರು ಐಸ್ ಹಾಕಿ ಕೊಲ್ತೀರಿ” ಎಂದು ಗೇಟು ಎಳೆದುಕೊಂಡ. ಹೇಗೋ ಮನೆಗೆ ತಂದವೆಲ್ಲ ಮಾರನೆಯ ಸಂಜೆ ಕೈಕೊಟ್ಟವು. ಒಂದು ಹುಳಿ, ಒಂದು ಸಪ್ಪೆ, ಒಂದಕ್ಕೆ ಒದ್ದೆ ಗೋಣಿಯ ವಾಸನೆ. ಅವಳು ರುಚಿ ನೋಡಿ ಮುಖ ಕಿವುಚಿ, ಒಲೆಯ ಮುಂದಿದ್ದ ಗಂಡನ ತಾಯಿಗೆ “ಎಸೆದುಬಿಡಿ ಅತ್ತೆ” ಎಂದು ಹೇಳಿ ಎದ್ದುಹೋಗುತ್ತಿದ್ದಳು.

ಅಕ್ಕನ ತಾಳ್ಮೆಯೂ ತಳ ಕಂಡಿತ್ತು.

“ವೈನ್ ಕಂಪನಿ ಏಜೆಂಟ್ ದಿನಾ ಬಂದು ಕೂರ್ತಾನೆ ಕಣೇ. ಸೋಮವಾರ ಅವನ ಕರಾರಿಗೆ ಸಹಿ ಹಾಕ್ತೀನಿ ಅಂದಿದ್ದೀನಿ. ಅಷ್ಟರೊಳಗೆ ನಿಂಗೆ ಸಿಕ್ಕಿದ್ರೆ ಸರಿ.”

“ಸಿಗದಿದ್ರೆ?”

“ಸಿಗದಿದ್ರೆ ಮತ್ತೆ ಕೌಂಟರ್‌ಗೆ ಬಾ. ವೈನ್ ಬಾಗಿಲಿಗೇ ಬರುತ್ತೆ ಅಂದ್ಮೇಲೆ ನೀನ್ಯಾಕೆ ಊರೂರು ಅಲೀಬೇಕು?”

ಅವಳು ಕಾರಿನ ಕೀಲಿ ತೆಗೆದುಕೊಂಡು ಹೊರಟಳು.

ಆ ವಾರದ ನಡುವೆ ಒಂದು ಸಂಜೆ ಪವಾಡ ನಡೆಯಿತು. ಇಳಿಜಾರಿನ ಮೇಲಿನ ತಗಡಿನ ಶೆಡ್ಡೊಂದರಿಂದ ತಂದ ಕೆಂಪು ವೈನು, ಹಿಂದಿನ ದಿನ ‘ಪರವಾಗಿಲ್ಲ’ ಎನ್ನುವಂತಿದ್ದದ್ದು, ಬಾಯಿಗೆ ಬಿದ್ದೊಡನೆ ಅರಳಿತು. ಮೊದಲು ಮಾಗಿದ ಹಣ್ಣು, ಹಿಂದೆಯೇ ತೆಳ್ಳಗೆ ಹೊಗೆ, ಕೊನೆಗೆ ನಾಲಿಗೆಯ ಅಂಚಿನಲ್ಲಿ ಒಂಚೂರು ಒಗರು, ಹೋಗಲೊಲ್ಲದ ನೆಂಟನಂತೆ. ಅವಳು ಬಾಟಲಿಯನ್ನು ಎದೆಗವಚಿಕೊಂಡು ಹೋಟೆಲಿಗೆ ಓಡಿದಳು. ಅಕ್ಕ ಕುಡಿದಳು, ಮತ್ತೆ ಲೋಟ ಮುಂದೆ ಚಾಚಿದಳು. “ಇದೇ ಕಣೇ! ಇವತ್ತೇ ಫೋನ್ ಮಾಡು.”

ಪೆಟ್ಟಿಗೆಗಳು ಬಂದವು. ಅವಳು ಹೋಟೆಲಿನಲ್ಲೇ ಒಂದನ್ನು ತೆರೆದು, ಬಿರಡೆ ಒತ್ತಿ, ಒಂದು ದಿನ ಬಿಟ್ಟು ನೋಡಿದಳು. ಲೋಟ ತೊಳೆದ ನೀರಿನಂತಿತ್ತು. ಇನ್ನೊಂದನ್ನು ನೋಡಿದಳು. ಅದೂ ಅದರ ತಮ್ಮನೇ. ಅಕ್ಕ ಮತ್ತೆ ಏಜೆಂಟನ ಮಾತೆತ್ತಿದಳು.

ಭಾನುವಾರ ಬೆಳಿಗ್ಗೆ ಶೆಡ್ಡಿನ ಮುಂದೆ ಕಾರು ನಿಲ್ಲಿಸಿದವಳು ನಮಸ್ಕಾರವನ್ನೂ ಹೇಳಲಿಲ್ಲ.

“ಏನ್ ಯಜಮಾನ್ರೇ, ತೋರಿಸೋದು ಒಂದು, ಕಳಿಸೋದು ಇನ್ನೊಂದಾ?”

ನೀರಿನ ಪೈಪು ಹಿಡಿದು ನೆಲ ತೊಳೆಯುತ್ತಿದ್ದ ಮುದುಕ ನೀರು ನಿಲ್ಲಿಸಿದ. “ನಮ್ದು ಇರೋದೇ ಒಂದು ವೈನಮ್ಮ. ಇನ್ನೊಂದು ಎಲ್ಲಿಂದ ತರ್ಲಿ?”

“ಸುಳ್ಳು ಹೇಳ್ಬೇಡಿ. ನಾನು ನಮ್ಮನೇಲಿ ಎರಡನೇ ದಿನ ಕುಡಿದಿದ್ದೀನಿ. ಅದು ಇದಲ್ಲ.”

“ಎರಡನೇ ದಿನವಾ?” ಮುದುಕನಿಗೆ ನಗು ಬಂತು. “ಅಯ್ಯೋ, ಇದು ಒಂದೇ ಸಲ ಕೂತು ಮುಗಿಸೋ ವೈನಮ್ಮ. ನಾಳೆಗೆ ಇಟ್ಕೊಳಿ ಅಂತ ನಾನು ಯಾವತ್ತು ಹೇಳಿದ್ದೆ?”

ಹಿಂದಿನ ದಿನ ತಾನು ಕುಡಿದುಳಿಸಿದ್ದ ಬಾಟಲಿಯನ್ನೇ ಒಳಗಿಂದ ತಂದು ಬಗ್ಗಿಸಿದ. ಅದೇ ನೀರು. ಅವಳು ಕಾರು ತಿರುಗಿಸಿದಳು. ದಾರಿಯುದ್ದಕ್ಕೂ ತನ್ನ ನಾಲಿಗೆಯನ್ನೇ ಹಲ್ಲಿನಡಿ ಇಟ್ಟು ಕಚ್ಚಿದಳು. ಅಕ್ಕನೂ ಕುಡಿದಿದ್ದಳಲ್ಲ, ಇಬ್ಬರ ನಾಲಿಗೆಯೂ ಒಟ್ಟಿಗೆ ಕೆಡುವುದುಂಟೇ?

ಹಿಂದಿನ ಸಂಜೆ, ಹಟಕ್ಕೆ ಬಿದ್ದು, ಇನ್ನೊಂದು ತೋಟದ ಬಾಟಲಿಯನ್ನು ತೆರೆದು ಮನೆಯಲ್ಲಿಟ್ಟಿದ್ದಳು. ಅದನ್ನು ನೋಡೋಣವೆಂದು ಅಡುಗೆಮನೆಗೆ ಕಾಲಿಟ್ಟಳು. ಅತ್ತೆ ಕಟ್ಟೆಯ ಮುಂದೆ ಬಗ್ಗಿ ನಿಂತಿದ್ದರು. ಕನ್ನಡಕ ಮೂಗಿನ ತುದಿಯಲ್ಲಿತ್ತು. ಬಾಟಲಿಯ ಬಾಯಿಗೆ ಎಣ್ಣೆಯ ಆಲಿಕೆ ಇಟ್ಟು, ಹಳೆಯ ಬಾಟಲಿಯೊಂದರಿಂದ ಹನಿಹನಿಯಾಗಿ ಬಗ್ಗಿಸುತ್ತಿದ್ದರು. ಕೆಂಪು ಗೆರೆ ಮೆಲ್ಲನೆ ಮೇಲೇರಿ ರಬ್ಬರ್ ಬ್ಯಾಂಡನ್ನು ಮುಟ್ಟಿತು.

“ಅತ್ತೆ! ಏನ್ಮಾಡ್ತಿದ್ದೀರಿ?”

ಅತ್ತೆ ಒಂದು ಹನಿಯೂ ಚೆಲ್ಲದಂತೆ ಆಲಿಕೆ ತೆಗೆದಿಟ್ಟರು.

“ಕೂಗ್ಬೇಡ ಕಣೇ. ನಿನ್ನ ಗಂಡ ರಾತ್ರಿ ಊಟಕ್ಕೆ ಒಂಚೂರು ಬಗ್ಗಿಸ್ಕೊಂಡಿದ್ದ. ನೀನು ಬಂದು ಕುಣೀತೀಯ ಅಂತ ಸರಿಮಾಡಿ ಇಡ್ತಿದ್ದೆ.”

“ಹಳೇದನ್ನ ಎಸೀರಿ ಅಂದಿದ್ನಲ್ಲ!”

“ಎಸೆಯೋಕೆ ಮನಸ್ಸು ಬರ್ಬೇಕಲ್ಲ? ಎಲ್ಲಾ ಕೆಂಪೇ ತಾನೇ?”

ಅವಳು ಕುರ್ಚಿ ಎಳೆದು ಕೂತಳು. “ಯಾವಾಗಿಂದ?”

“ನೀನು ಆ ಬ್ಯಾಂಡ್ ಹಾಕೋಕೆ ಶುರು ಮಾಡಿದಾಗಿಂದ. ಅದು ಇಲ್ದಿದ್ರೆ ಎಲ್ಲೀವರೆಗೆ ತುಂಬಿಸ್ಬೇಕು ಅಂತ ನಂಗೇನು ಗೊತ್ತಾಗ್ತಿತ್ತು?”

ಹಾಗಾದರೆ ಹುಳಿ ಎಂದು ತಳ್ಳಿದ್ದು ಯಾರನ್ನು? ಒದ್ದೆ ಗೋಣಿ ಯಾರದು? ಒಂದೊಂದು ತೋಟವೂ ಕಣ್ಮುಂದೆ ಬಂತು. ಇಷ್ಟು ದಿನ ಅವಳು ಅಳೆದದ್ದು ಯಾವ ತೋಟದ ವೈನನ್ನೂ ಅಲ್ಲ, ಅತ್ತೆಯ ಕೈಗುಣವನ್ನು.

“ಆ ಬುಧವಾರದ್ದು? ನಾನು ಹೋಟೆಲಿಗೆ ಎತ್ಕೊಂಡು ಓಡಿದ್ನಲ್ಲ, ಅದಕ್ಕೆ ಏನೇನು ಹಾಕಿದ್ರಿ? ನೆನಪು ಮಾಡ್ಕೊಳ್ಳಿ ಅತ್ತೆ, ದಮ್ಮಯ್ಯ.”

ಅತ್ತೆ ಕಣ್ಣು ಮುಚ್ಚಿ ಯೋಚಿಸಿದರು. “ಒಂದು ಗಿಡ್ಡ ಬಾಟ್ಲಿ. ಇನ್ನೊಂದರ ಮೇಲೆ ಹಕ್ಕಿ ಇತ್ತು. ಅಲ್ಲಲ್ಲ, ಕುದುರೆ. ಎಷ್ಟೆಷ್ಟು ಅಂದ್ರೆ... ಅಂದಾಜು.” ಆಮೇಲೆ ತುಸು ಬಿಂಕದಿಂದ, “ಯಾಕೆ, ಚೆನ್ನಾಗಿತ್ತಾ?” ಎಂದರು.

ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಎರಡೂ ಬರಲಿಲ್ಲ.

ಸೋಮವಾರ ಅಕ್ಕನಿಗೆ ಎಲ್ಲವನ್ನೂ ಹೇಳಿದಳು. ಅಕ್ಕ ಸೆರಗು ಬಾಯಿಗೊತ್ತಿ ನಕ್ಕಳು, ಕಣ್ಣೀರು ಬರುವಷ್ಟು. ಆಮೇಲೆ ತಂಗಿಯ ಮುಖ ನೋಡಿ ನಗು ನಿಲ್ಲಿಸಿದಳು. ಏಜೆಂಟ್ ಮೂಲೆಯ ಮೇಜಿನಲ್ಲಿ ಪೆನ್ನು ತೆರೆದಿಟ್ಟುಕೊಂಡು ಕೂತಿದ್ದ.

“ಅವನ ಬಾಟ್ಲಿನ ನಿನ್ನೆ ಬೆಳಿಗ್ಗೆ ತೆರೆಸಿಟ್ಟಿದ್ದೀನಿ. ಯಾರೂ ಮುಟ್ಟಿಲ್ಲ, ಕಪಾಟಿಗೆ ಬೀಗ ಹಾಕಿದ್ದೆ. ನೀನೇ ನೋಡಿ ಹೇಳು. ನೀನು ಬೇಡ ಅಂದ್ರೆ ಇವತ್ತು ಸಹಿ ಹಾಕಲ್ಲ. ಇನ್ನೊಂದು ತಿಂಗಳು ಹುಡುಕು.”

ಅವಳು ಲೋಟ ಎತ್ತಿದಳು. ಕೆಟ್ಟದಾಗಿರಲಿ, ಹುಳಿಯಾಗಿರಲಿ ಎಂದು ಮನಸ್ಸು ಬೇಡಿಕೊಳ್ಳುತ್ತಿತ್ತು. ವೈನು ಕೆಟ್ಟಿರಲಿಲ್ಲ. ಅದರಲ್ಲಿ ಮಳೆ ಇರಲಿಲ್ಲ, ಮಣ್ಣು ಇರಲಿಲ್ಲ, ಯಾವ ಇಳಿಜಾರೂ ಇರಲಿಲ್ಲ. ಕುಡಿದವರು ನೆನಪಿಟ್ಟುಕೊಳ್ಳುವಂಥದ್ದು ಏನೇನೂ ಇರಲಿಲ್ಲ. ಆದರೂ ಅಗ್ಗವಾಗಿ, ಸ್ವಚ್ಛವಾಗಿ, ನಿನ್ನೆ ಹೇಗಿತ್ತೋ ಇವತ್ತೂ ಹಾಗೆಯೇ ನಿಂತಿತ್ತು. ಅವಳ ಪರೀಕ್ಷೆಯಲ್ಲಿ ಕಲಬೆರಕೆಯಿಲ್ಲದೆ ಪಾಸಾದದ್ದು ಇದೊಂದೇ. ‘ಬೇಡ’ ಎಂಬ ಮಾತು ತುಟಿಯವರೆಗೆ ಬಂದು, ಬಾಯಲ್ಲಿದ್ದ ಗುಟುಕಿನ ಜೊತೆಗೇ ಒಳಗೆ ಹೋಯಿತು.

“ನಿಂತಿದೆ. ತಗೋ” ಎಂದಳು.

ಅಕ್ಕ ಮತ್ತೊಮ್ಮೆ ಅವಳ ಮುಖ ನೋಡಿ, ಮೂಲೆಯ ಮೇಜಿಗೆ ಹೋಗಿ ಸಹಿ ಹಾಕಿದಳು. ವಾಪಸು ಬರುವಷ್ಟರಲ್ಲಿ ತಂಗಿ ಕೌಂಟರಿನ ಹಿಂದೆ ಕೂತು ಬಿಲ್ ಪುಸ್ತಕವನ್ನು ಟಪ್ಪೆಂದು ತೆರೆದಿದ್ದಳು.

“ಸಿಟ್ಟಾ?” ಅಕ್ಕ ಮೆಲ್ಲಗೆ ಕೇಳಿದಳು.

“ಹೂಂ.”

“ಯಾರ ಮೇಲೆ?”

“ಅದೇ ಗೊತ್ತಾಗ್ತಿಲ್ಲ. ದಾರಿ ಬಿಡು, ಗಿರಾಕಿ ನಿಂತಿದ್ದಾರೆ.”